ಮ್ಯೂಚುವಲ್ ಫಂಡ್‌ನ ಆಡಿಟರ್ "ಅಭಿಪ್ರಾಯ ಕೊಡುವುದಿಲ್ಲ" ಎಂದು ಬರೆದಿದ್ದರೆ ಹೇಗೆ ಓದಬೇಕು?

ಹೊಸನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿರುವ ನನ್ನ ಮಗಳು ಅಲ್ಲಿನ ಒಂದು ಮ್ಯೂಚುವಲ್ ಫಂಡ್‌ನಲ್ಲಿ ಕೆಲವು ವರ್ಷಗಳಿಂದ ಹಣ ತೊಡಗಿಸುತ್ತಿದ್ದಾಳೆ. ಆ ಫಂಡ್ ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಎಸ್‌ಇಸಿಗೆ ಸಲ್ಲಿಸಿದ ಕಾಗದಗಳ ಜೊತೆಯಲ್ಲಿ ಆಡಿಟರ್ ಬರೆದ ಒಂದೂವರೆ ಪುಟದ ಪತ್ರವೊಂದು ಅವಳ ಕಣ್ಣಿಗೆ ಬಿದ್ದಿತಂತೆ. "ಅಪ್ಪಾ, ನೀವು ಸೊಸೈಟಿಯಲ್ಲಿ ನಿರ್ದೇಶಕರಾಗಿದ್ದವರು, ಇದನ್ನೊಮ್ಮೆ ಓದಿ ಹೇಳಿ" ಎಂದು ಕಳುಹಿಸಿದಳು. ಮೂರು ಸಲ ಓದಿದರೂ ಬಗೆಹರಿಯದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ಪತ್ರದ ಸಾರ ಇಷ್ಟು. ಫಂಡ್‌ನ ಲೆಕ್ಕಪತ್ರ ಪರಿಶೋಧಿಸುವಾಗ, ಹಣಕಾಸು ವರದಿಗೆ ಸಂಬಂಧಿಸಿದ ಆಂತರಿಕ ನಿಯಂತ್ರಣಗಳನ್ನೂ ಷೇರುಪತ್ರಗಳ ಸುರಕ್ಷತೆಗೆ ಇರುವ ನಿಯಂತ್ರಣಗಳನ್ನೂ ತಾವು ಗಮನಿಸಿದ್ದಾಗಿ ಮೊದಲಲ್ಲೇ ಹೇಳುತ್ತಾರೆ. ಮರುಕ್ಷಣವೇ, ಆ ನಿಯಂತ್ರಣಗಳು ಪರಿಣಾಮಕಾರಿಯಾಗಿವೆಯೇ ಎಂಬ ಬಗ್ಗೆ ಅಭಿಪ್ರಾಯ ಕೊಡುವುದು ತಮ್ಮ ಉದ್ದೇಶವಲ್ಲ, ಆದ್ದರಿಂದ ಕೊಡುವುದಿಲ್ಲ ಎನ್ನುತ್ತಾರೆ. ಕೊನೆಯಲ್ಲಿ, ಗುರುತರ ದೌರ್ಬಲ್ಯ ಎನ್ನುವಂಥದ್ದು ಯಾವುದೂ ತಮ್ಮ ಗಮನಕ್ಕೆ ಬರಲಿಲ್ಲ ಎಂದು ಮುಗಿಸುತ್ತಾರೆ. ಮೂವತ್ತೇಳು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. "ಪತ್ರಿಕೆ ನೋಡಿದ್ದೇನೆ, ಅಂಕ ಕೊಡುವುದಿಲ್ಲ, ಆದರೆ ಫೇಲಾಗುವಂಥ ತಪ್ಪು ಕಾಣಲಿಲ್ಲ" ಎಂದು ನಾನು ಬರೆದಿದ್ದರೆ ಡಿಡಿಪಿಐ ಕಚೇರಿಯಿಂದ ನೋಟಿಸ್ ಬರುತ್ತಿತ್ತು.

ಇದು ಆತಂಕ ಪಡುವ ಮಾತೇ? ಇನ್ನೊಂದು ಪ್ರಶ್ನೆ ನನ್ನದೇ. ನನ್ನ ಹೆಸರಿನಲ್ಲೂ ಇಲ್ಲಿನ ಫಂಡ್‌ಗಳಲ್ಲಿ ಕಂತು ಕಂತಾಗಿ ಹಣ ಹಾಕುವ ಎರಡು ಎಸ್‌ಐಪಿಗಳಿವೆ. ನಮ್ಮಲ್ಲಿ ಇಂಥ ಪತ್ರವನ್ನು ಯಾರಾದರೂ ಬರೆಯುತ್ತಾರೆಯೇ, ಬರೆದರೆ ಅದು ಎಲ್ಲಿ ಸಿಗುತ್ತದೆ?

ದುರ್ಗಿಗುಡಿ ಲೆಕ್ಕಿಗ

ಮೇಷ್ಟ್ರೇ, ಆತಂಕ ಬೇಡ. ನಾನು ಬೆಂಗಳೂರಿನಲ್ಲಿ ಸಿಎ ತರಬೇತಿಯ ಆರ್ಟಿಕಲ್‌ಶಿಪ್ ಮಾಡುವಾಗ ಎರಡು ವರ್ಷ ಫಂಡ್‌ಗಳ ಆಡಿಟ್ ತಂಡದಲ್ಲಿದ್ದೆ, ಈಗ ಶಿವಮೊಗ್ಗದಲ್ಲಿ ಸ್ವಂತ ಕಚೇರಿ ಇಟ್ಟುಕೊಂಡಿದ್ದೇನೆ. ಆ ಪತ್ರದ ಹಿನ್ನೆಲೆ ತಿಳಿದರೆ ಅದರ ಒಗಟಿನಂಥ ಭಾಷೆ ಬಿಡಿಸಿಕೊಳ್ಳುತ್ತದೆ.

ಎನ್ರಾನ್, ವರ್ಲ್ಡ್‌ಕಾಮ್ ಕಂಪನಿಗಳ ಲೆಕ್ಕಪತ್ರ ಹಗರಣಗಳ ಬಳಿಕ ಅಮೆರಿಕದಲ್ಲಿ 2002ರಲ್ಲಿ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂದಿತು. ಅದರ 404ನೇ ಕಲಮಿನ ಪ್ರಕಾರ ಕಂಪನಿಯ ಆಡಳಿತ ವರ್ಗ ತನ್ನ ಆಂತರಿಕ ನಿಯಂತ್ರಣಗಳು ಸರಿಯಿವೆಯೇ ಎಂದು ಪ್ರತಿವರ್ಷ ಅಳೆದು ಹೇಳಬೇಕು, ದೊಡ್ಡ ಕಂಪನಿಗಳಲ್ಲಿ ಆಡಿಟರ್ ಅದರ ಮೇಲೆ ಪ್ರತ್ಯೇಕ ಅಭಿಪ್ರಾಯವನ್ನೂ ಕೊಡಬೇಕು. ಆದರೆ ಪಕ್ಕದ 405ನೇ ಕಲಮು ಮ್ಯೂಚುವಲ್ ಫಂಡ್‌ಗಳಂಥ ನೋಂದಾಯಿತ ಹೂಡಿಕೆ ಸಂಸ್ಥೆಗಳನ್ನು ಇದರಿಂದ ಹೊರಗಿಟ್ಟಿತು. ಅವುಗಳಿಗೆ 1940ರ ಹೂಡಿಕೆ ಸಂಸ್ಥೆಗಳ ಕಾಯ್ದೆ ಮೊದಲಿನಿಂದಲೂ ಬೇರೆಯೇ ಇದೆ.

ಹಾಗೆಂದು ಆಡಿಟರ್‌ನನ್ನು ಪೂರ್ತಿ ಬಿಟ್ಟುಬಿಡಲಿಲ್ಲ. ಫಂಡ್‌ಗಳು ಎಸ್‌ಇಸಿಗೆ ಸಲ್ಲಿಸುವ ನಮೂನೆಯ ಜೊತೆ ಆಂತರಿಕ ನಿಯಂತ್ರಣದ ಬಗ್ಗೆ ಆಡಿಟರ್‌ನ ವರದಿಯೊಂದನ್ನು ಲಗತ್ತಿಸಲೇಬೇಕು. ಹಿಂದೆ ಎನ್-ಎಸ್‌ಎಆರ್ ಎಂಬ ನಮೂನೆಯಿತ್ತು, 2018ರ ಜೂನ್‌ನಿಂದ ಅದರ ಜಾಗಕ್ಕೆ ಎನ್-ಸೆನ್ ಎಂಬುದು ಬಂದಿದೆ, ಹಣಕಾಸು ವರ್ಷ ಮುಗಿದ 75 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ನಿಮ್ಮ ಮಗಳ ಕೈಗೆ ಸಿಕ್ಕಿದ್ದು ಆ ಲಗತ್ತು.

ಈಗ ಭಾಷೆಯ ವಿಚಾರ. ಲೆಕ್ಕ ಸರಿಯೇ ಎಂಬ ಅಭಿಪ್ರಾಯ ಕೊಡಲು ಎಷ್ಟು ಪರೀಕ್ಷೆ ಮಾಡಬೇಕು ಎಂಬುದನ್ನು ನಿರ್ಧರಿಸಲಿಕ್ಕಾಗಿ ಆಡಿಟರ್ ನಿಯಂತ್ರಣಗಳನ್ನು ನೋಡುತ್ತಾನೆ. ನಿಯಂತ್ರಣ ಗಟ್ಟಿಯಿದ್ದರೆ ಚೀಟಿ ಚೀಟಿಯನ್ನೂ ತೆಗೆದು ನೋಡುವ ಕೆಲಸ ಕಡಿಮೆಯಾಗುತ್ತದೆ, ಸಡಿಲವಿದ್ದರೆ ಹೆಚ್ಚಾಗುತ್ತದೆ. ನಿಯಂತ್ರಣಗಳ ಮೇಲೆಯೇ ಅಭಿಪ್ರಾಯ ಕೊಡಬೇಕೆಂದರೆ ಅದು ಬೇರೆಯೇ, ಇನ್ನೂ ದೊಡ್ಡ ಕೆಲಸ. ಆ ಕೆಲಸ ತಾನು ಮಾಡಿಲ್ಲ ಎಂದು ಆತ ಪ್ರಾಮಾಣಿಕವಾಗಿ ಹೇಳುತ್ತಿದ್ದಾನೆ. "ಗುರುತರ ದೌರ್ಬಲ್ಯ" ಎಂಬುದೂ ಅಳೆದು ಇಟ್ಟ ಪದ. ಲೆಕ್ಕಪತ್ರದಲ್ಲಿ ಗಣನೀಯವಾದ ತಪ್ಪೊಂದು ನುಸುಳಿ, ಸಕಾಲದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿಯುವ ಸಾಧ್ಯತೆ ಗಣನೆಗೆ ತೆಗೆದುಕೊಳ್ಳುವಷ್ಟಿದ್ದರೆ ಮಾತ್ರ ಆ ಹೆಸರು. ಅದಕ್ಕಿಂತ ಚಿಕ್ಕ ಕೊರತೆಗಳು ಇದ್ದಿರಬಹುದು, ಅವು ಈ ಪತ್ರಕ್ಕೆ ಬರುವುದಿಲ್ಲ.

ಒಂದು ಸಲಹೆ. ಎಲ್ಲ ಫಂಡ್‌ಗಳಲ್ಲೂ ಈ ಪತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಇರುತ್ತದೆ. ಹೋದ ವರ್ಷದ ಪತ್ರವನ್ನು ಪಕ್ಕಕ್ಕಿಟ್ಟುಕೊಂಡು ಏನು ಬದಲಾಗಿದೆ ಎಂದು ನೋಡಲು ಮಗಳಿಗೆ ಹೇಳಿ. ಓದಬೇಕಾದ್ದು ಆ ವ್ಯತ್ಯಾಸವನ್ನು.

ತೀರ್ಥಹಳ್ಳಿ ತೋಟಿಗ

ಲೆಕ್ಕಿಗರೇ, ನೀವು ಹೇಳಿದ್ದು ತಿಳಿಯಿತು, ಆದರೆ ಒಪ್ಪಲು ಮನಸ್ಸು ಬರುವುದಿಲ್ಲ. ನಮ್ಮ ಕಡೆಯ ಒಂದು ಸಹಕಾರ ಸಂಘದಲ್ಲಿ, ಹೆಸರು ಬೇಡ, ವರ್ಷ ವರ್ಷವೂ ಆಡಿಟ್ ಆಗಿ "ಎ" ದರ್ಜೆ ಸಿಗುತ್ತಿತ್ತು. ಅಲ್ಲಿ ಹಣ ಎಣಿಸಿಕೊಳ್ಳುವವನೂ, ಪಾಸ್‌ಬುಕ್ಕಿಗೆ ಬರೆಯುವವನೂ, ಖಾತೆ ಪುಸ್ತಕಕ್ಕೆ ಏರಿಸುವವನೂ ಒಬ್ಬನೇ ಗುಮಾಸ್ತ. ನಮ್ಮ ತಂದೆ ಅಡಿಕೆ ಮಾರಿದ ದುಡ್ಡಿನಲ್ಲಿ ನಲವತ್ತು ಸಾವಿರ ಠೇವಣಿ ಇಟ್ಟರು. ಪಾಸ್‌ಬುಕ್ಕಿನಲ್ಲಿ ನಲವತ್ತು ಸಾವಿರವೇ ಇತ್ತು, ಖಾತೆ ಪುಸ್ತಕದಲ್ಲಿ ನಾಲ್ಕು ಸಾವಿರ. ಆ ಗುಮಾಸ್ತ ನಿವೃತ್ತನಾದ ಮೇಲೆ ಹೊಸಬ ಬಂದು ಬಡ್ಡಿ ಹಾಕಲು ಕುಳಿತಾಗಲೇ ಗೊತ್ತಾಗಿದ್ದು. ಅಷ್ಟು ವರ್ಷವೂ ಖಾತೆ ಪುಸ್ತಕದ ಒಟ್ಟು ಮೊತ್ತ ಸರಿಯಾಗಿಯೇ ತಾಳೆಯಾಗುತ್ತಿತ್ತು, ಏಕೆಂದರೆ ಬರೆಯದ ದುಡ್ಡು ಯಾವ ಒಟ್ಟಿಗೂ ಸೇರಿರಲಿಲ್ಲ. ಆಡಿಟರ್ ಬಂದು ಖಾತೆ ಪುಸ್ತಕ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಅಭಿಪ್ರಾಯ ಕೊಟ್ಟವರ ಕಥೆಯೇ ಹೀಗಿರುವಾಗ, ಕೊಡುವುದಿಲ್ಲ ಎನ್ನುವವರ ಪತ್ರದಿಂದ ಏನು ಪ್ರಯೋಜನ?

ದುರ್ಗಿಗುಡಿ ಲೆಕ್ಕಿಗ

ತೋಟಿಗರೇ, ನಿಮ್ಮ ತಂದೆಯವರ ಪಾಸ್‌ಬುಕ್ಕಿನ ಪ್ರಸಂಗವೇ ಈ ಇಡೀ ವಿಷಯದ ಮೂಲಪಾಠ. ಅಲ್ಲಿ ಆಡಿಟರ್ ನೋಡಿದ್ದು ಬರೆದದ್ದನ್ನು. ನೋಡಬೇಕಾಗಿದ್ದು, ಬರೆಯದೆ ಬಿಡಲು ಒಬ್ಬನಿಗೇ ಅವಕಾಶವಿದೆಯೇ ಎಂಬುದನ್ನು. ಆಮೇಲೆ ಹತ್ತಿಪ್ಪತ್ತು ಠೇವಣಿದಾರರಿಗೆ ನೇರವಾಗಿ ಪತ್ರ ಬರೆದು "ನಿಮ್ಮ ಬಾಕಿ ಎಷ್ಟು" ಎಂದು ಕೇಳಬೇಕಿತ್ತು. ಹೊರಗಿನವರಿಂದ ಪಡೆಯುವ ಇಂಥ ದೃಢೀಕರಣಕ್ಕಾಗಿಯೇ ನಮ್ಮಲ್ಲಿ ಎಸ್‌ಎ 505 ಎಂಬ ಆಡಿಟ್ ಮಾನದಂಡವಿದೆ. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡ ಸಾವಿರಾರು ಕೋಟಿಯ ಇಲ್ಲದ ಬ್ಯಾಂಕ್ ಬಾಕಿಯೂ ದೃಢೀಕರಣ ಸರಿಯಾಗಿ ನಡೆದಿದ್ದರೆ ಅಷ್ಟು ವರ್ಷ ಅಡಗಿರಲಾರದು.

ಮಂಡಿಗೆ ಅಡಿಕೆ ಹಾಕುವಾಗ ಚೀಲ ತೂಗುವವರು ಒಬ್ಬರು, ಟೆಂಡರ್ ದರ ಬರೆಯುವವರು ಇನ್ನೊಬ್ಬರು, ಲೆಕ್ಕಪಟ್ಟಿ ಮಾಡಿ ಹಣ ಕೊಡುವವರು ಮತ್ತೊಬ್ಬರು. ತೂಕದ ಚೀಟಿಯ ಪ್ರತಿ ನಿಮ್ಮ ಜೇಬಿನಲ್ಲೇ ಇರುತ್ತದೆ. ಫಂಡ್‌ನಲ್ಲೂ ಷೇರುಗಳು ಅವನ್ನು ಕಾಪಿಡುವ ಕಸ್ಟೋಡಿಯನ್ ಬಳಿ, ಯೂನಿಟ್‌ದಾರರ, ಅಂದರೆ ಹೂಡಿಕೆದಾರರ, ಖಾತೆ ಆರ್‌ಟಿಎ ಎಂಬ ನೋಂದಣಿ ಸಂಸ್ಥೆಯ ಬಳಿ, ಹೂಡಿಕೆಯ ತೀರ್ಮಾನ ಫಂಡ್ ನಡೆಸುವ ಕಂಪನಿಯಾದ ಎಎಂಸಿ ಬಳಿ, ಇವರೆಲ್ಲರ ಮೇಲೆ ಹೂಡಿಕೆದಾರರ ಪರವಾಗಿ ನಿಗಾ ಇಡುವ ಟ್ರಸ್ಟಿಗಳು. ಈ ಮೂರು ಪುಸ್ತಕಗಳು ಒಂದಕ್ಕೊಂದು ತಾಳೆಯಾಗುತ್ತಿವೆಯೇ, ತಾಳೆಯಾಗದಿದ್ದರೆ ಯಾರು ಯಾವಾಗ ನೋಡುತ್ತಾರೆ ಎಂಬುದೇ ನಿಯಂತ್ರಣಗಳ ತಿರುಳು.

ಇಕ್ಕೇರಿ ರಸ್ತೆ

ಒಂಬತ್ತು ವರ್ಷ ಫಂಡ್ ಅಕೌಂಟಿಂಗ್ ವಿಭಾಗದಲ್ಲಿ ಕೆಲಸ ಮಾಡಿ ಈಗ ಸಾಗರಕ್ಕೆ ಮರಳಿರುವವಳು ನಾನು. ಆಡಿಟರ್‌ಗಳು ಬಂದು ನಿಜವಾಗಿ ಏನು ನೋಡುತ್ತಾರೆ ಎಂಬುದನ್ನು ಮೇಜಿನ ಈ ಬದಿಯಿಂದ ಹೇಳಬಲ್ಲೆ.

ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ ನಮ್ಮ ದಿನ ಶುರುವಾಗುತ್ತಿತ್ತು. ಆ ದಿನದ ಕೊಳ್ಳುವಿಕೆ ಮಾರಾಟಗಳನ್ನು ಪುಸ್ತಕಕ್ಕೆ ಏರಿಸಬೇಕು, ಷೇರುಗಳ ಸಂಖ್ಯೆಯನ್ನು ಕಸ್ಟೋಡಿಯನ್ ಪಟ್ಟಿಯೊಂದಿಗೆ ತಾಳೆ ನೋಡಬೇಕು, ವಿನಿಮಯ ಕೇಂದ್ರದಿಂದ ಮುಕ್ತಾಯದ ದರ, ಸಾಲಪತ್ರಗಳಿಗೆ ಮೌಲ್ಯಮಾಪನ ಸಂಸ್ಥೆಗಳ ದರ ಬರಬೇಕು, ಒಂದು ದಿನದ ಪಾಲಿನ ಖರ್ಚು ಕಳೆಯಬೇಕು, ಆರ್‌ಟಿಎ ಕೊಟ್ಟ ಯೂನಿಟ್ ಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಸಿಗುವ ಒಂದು ಯೂನಿಟ್‌ನ ಬೆಲೆಯೇ ಎನ್‌ಎವಿ, ರಾತ್ರಿ ಹನ್ನೊಂದರೊಳಗೆ ಅದು ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ಜಾಲತಾಣಕ್ಕೆ ಹೋಗಬೇಕು.

ತಪ್ಪು ನುಸುಳುವ ಜಾಗ ಯಾವುದೆಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಸಾವಿರ ಕೋಟಿಯ ಯೋಜನೆಯೊಂದರಲ್ಲಿ ಒಂದು ಕಂಪನಿಯ ಷೇರು ಶೇ 4ರಷ್ಟು, ಅಂದರೆ 40 ಕೋಟಿಯಷ್ಟಿದೆ ಎಂದುಕೊಳ್ಳಿ. ಆ ಕಂಪನಿ ಒಂದಕ್ಕೊಂದು ಬೋನಸ್, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದನ್ನು ಉಚಿತವಾಗಿ, ಕೊಡುತ್ತದೆ. ಆ ದಿನ ಬೆಳಿಗ್ಗೆ ದರ ಅರ್ಧಕ್ಕಿಳಿಯುತ್ತದೆ, ಷೇರುಗಳ ಸಂಖ್ಯೆ ಇಮ್ಮಡಿಯಾಗಬೇಕು. ಗುಮಾಸ್ತೆ ಸಂಖ್ಯೆ ಇಮ್ಮಡಿ ಮಾಡಲು ಮರೆತರೆ ಪುಸ್ತಕದಲ್ಲಿ 20 ಕೋಟಿ ಮಾಯ, 50 ರೂಪಾಯಿ ಇರಬೇಕಾದ ಎನ್‌ಎವಿ 49 ಎಂದು ಪ್ರಕಟವಾಗುತ್ತದೆ. ಆ ದಿನ ಹಣ ವಾಪಸ್ ಪಡೆದವರಿಗೆ ಯೂನಿಟ್‌ಗೆ ಒಂದು ರೂಪಾಯಿ ಖೋತಾ. ಇದನ್ನು ತಡೆಯಲು ಮೇಕರ್-ಚೆಕರ್ ಪದ್ಧತಿ ಇರುತ್ತದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿಯೇ ಮುಂದಕ್ಕೆ ಬಿಡಬೇಕು. ಅದರ ಮೇಲೆ, ನಿಗದಿತ ಮಿತಿಗಿಂತ ಹೆಚ್ಚು ಏರಿಳಿತವಾದ ಷೇರುಗಳ ಪಟ್ಟಿಯೊಂದು ತಾನಾಗಿ ಹೊರಬರುತ್ತದೆ, ಅದನ್ನು ಹಿರಿಯರೊಬ್ಬರು ಓದಿ ಪ್ರತಿ ಸಾಲಿಗೂ ಕಾರಣ ಬರೆದು ಸಹಿ ಮಾಡಬೇಕು.

ಆಡಿಟರ್ ಬಂದಾಗ ವರ್ಷದಲ್ಲಿ ಯಾವುದೋ ಇಪ್ಪತ್ತೈದು ದಿನಗಳನ್ನು ಹೆಕ್ಕಿ, ಆ ದಿನಗಳ ಪಟ್ಟಿ ಕೊಡಿ ಎಂದರು. ಕೊಟ್ಟೆವು. ಎಲ್ಲದರಲ್ಲೂ ಸಹಿಯಿತ್ತು, ನಾವು ನಿರಾಳವಾಗಿದ್ದೆವು. ಅವರ ತಂಡದ ಹುಡುಗಿಯೊಬ್ಬಳು ಸಹಿಯ ಪಕ್ಕದ ಸಮಯವನ್ನು ಎನ್‌ಎವಿ ಪ್ರಕಟವಾದ ಸಮಯದ ಜೊತೆ ಹೋಲಿಸುತ್ತಾ ಹೋದಳು. ಮೂರು ದಿನಗಳಲ್ಲಿ ಸಹಿ ಬಿದ್ದದ್ದು ಎನ್‌ಎವಿ ಹೊರಹೋದ ಮೇಲೆ, ಒಂದು ಸಲವಂತೂ ಮರುದಿನ ಬೆಳಿಗ್ಗೆ. ಆ ಮೂರೂ ದಿನದ ಎನ್‌ಎವಿ ಸರಿಯಾಗಿಯೇ ಇತ್ತು, ಯಾರಿಗೂ ಒಂದು ಪೈಸೆ ನಷ್ಟವಾಗಿರಲಿಲ್ಲ. ನಮ್ಮ ಮ್ಯಾನೇಜರ್ ಅದನ್ನೇ ಹಿಡಿದು ವಾದಿಸಿದರು. ಅವಳು ಕೊಟ್ಟ ಉತ್ತರ ನನಗಿನ್ನೂ ನೆನಪಿದೆ: "ಸರ್, ನಾನು ನೋಡುತ್ತಿರುವುದು ಎನ್‌ಎವಿಯನ್ನಲ್ಲ, ತಪ್ಪಿದ್ದರೆ ನೀವು ಹಿಡಿಯುತ್ತಿದ್ದಿರೇ ಎಂಬುದನ್ನು." ಅದು ಕೊರತೆ ಎಂದೇ ದಾಖಲಾಯಿತು, ಗುರುತರ ದೌರ್ಬಲ್ಯ ಎಂದಲ್ಲ.

ನೆಹರೂ ರಸ್ತೆ ವಿತರಕ

ಇಷ್ಟೊಂದು ಚರ್ಚೆ ಅನಗತ್ಯ ಎನಿಸುತ್ತದೆ. ನಮ್ಮ ದೇಶದಲ್ಲಿ 2013ರ ಕಂಪನಿ ಕಾಯ್ದೆಯ 143(3)(ಐ) ಕಲಮಿನ ಪ್ರಕಾರ ಆಡಿಟರ್ ಆಂತರಿಕ ಹಣಕಾಸು ನಿಯಂತ್ರಣಗಳ ಬಗ್ಗೆ ಸ್ಪಷ್ಟ ಅಭಿಪ್ರಾಯವನ್ನೇ ಕೊಡಬೇಕು. ಅಮೆರಿಕದಲ್ಲಿ ಕೊಡುವುದಿಲ್ಲ, ನಮ್ಮಲ್ಲಿ ಕೊಡುತ್ತಾರೆ. ಆದ್ದರಿಂದ ಮೇಷ್ಟ್ರ ಎಸ್‌ಐಪಿ ಮಗಳ ಹೂಡಿಕೆಗಿಂತ ಭದ್ರ. ಗ್ರಾಹಕರಿಗೂ ನಾನು ಹೀಗೆಯೇ ಹೇಳುತ್ತೇನೆ.

ದುರ್ಗಿಗುಡಿ ಲೆಕ್ಕಿಗ

ವಿತರಕರೇ, ದಯವಿಟ್ಟು ಗ್ರಾಹಕರಿಗೆ ಹಾಗೆ ಹೇಳಬೇಡಿ. ಕಲಮು ನೀವು ಹೇಳಿದ್ದೇ, ಅದು 2015ರ ಏಪ್ರಿಲ್ 1ರಂದು ಅಥವಾ ಆಮೇಲೆ ಆರಂಭವಾದ ಹಣಕಾಸು ವರ್ಷಗಳಿಂದ ಕಡ್ಡಾಯವಾಗಿರುವುದೂ ನಿಜ. ಆದರೆ ಅದು ಅನ್ವಯಿಸುವುದು ಕಂಪನಿಗೆ. ಎಎಂಸಿ ಒಂದು ಕಂಪನಿ. ಅದರ ಆಡಿಟರ್ ಅಭಿಪ್ರಾಯ ಕೊಡುವುದು ಆ ಕಂಪನಿಯ ಸ್ವಂತ ಲೆಕ್ಕಪತ್ರಕ್ಕೆ ಸಂಬಂಧಿಸಿದ ನಿಯಂತ್ರಣಗಳ ಮೇಲೆ: ಅದಕ್ಕೆ ಬರುವ ನಿರ್ವಹಣಾ ಶುಲ್ಕ, ಅದು ಕೊಡುವ ಸಂಬಳ, ಕಚೇರಿಯ ಬಾಡಿಗೆ. ಮೇಷ್ಟ್ರ ಹಣ ಇರುವುದು ಎಎಂಸಿಯ ಆಸ್ತಿಪಟ್ಟಿಯಲ್ಲಿ ಅಲ್ಲ, ಮ್ಯೂಚುವಲ್ ಫಂಡ್ ಎಂಬ ಟ್ರಸ್ಟಿನ ಒಂದು ಯೋಜನೆಯಲ್ಲಿ. ಟ್ರಸ್ಟು ಕಂಪನಿಯಲ್ಲ, ಹಾಗಾಗಿ ಆ ಕಲಮು ಯೋಜನೆಯ ಲೆಕ್ಕವನ್ನು ನೇರವಾಗಿ ಮುಟ್ಟುವುದಿಲ್ಲ.

ಯೋಜನೆಗಳ ಲೆಕ್ಕಕ್ಕೆ ಬೇರೆ ಆಡಿಟರ್ ಇರುತ್ತಾರೆ. ಎಎಂಸಿಯ ಆಡಿಟರ್‌ಗೂ ಅವರಿಗೂ ಯಾವ ಸಂಬಂಧವೂ ಇರಕೂಡದು ಎಂದು ನಮ್ಮ ಮಾರುಕಟ್ಟೆ ನಿಯಂತ್ರಣ ಸಂಸ್ಥೆಯಾದ ಸೆಬಿಯ 1996ರ ನಿಯಮಾವಳಿಯೇ ವಿಧಿಸಿತು, ಒಳ್ಳೆಯ ನಿಯಮ ಅದು. ಆ ಆಡಿಟರ್ ಆಸ್ತಿ-ಹೊಣೆ ಪಟ್ಟಿ ಮತ್ತು ಆದಾಯ ಖಾತೆ ನಿಜಸ್ಥಿತಿಯನ್ನು ತೋರಿಸುತ್ತವೆಯೇ ಎಂದು ಹೇಳುತ್ತಾರೆ. ಪರಿಶೋಧನೆಯ ನಡುವೆ ನಿಯಂತ್ರಣಗಳಲ್ಲಿ ಗಮನಾರ್ಹ ಕೊರತೆ ಕಂಡರೆ ಎಸ್‌ಎ 265 ಮಾನದಂಡದಂತೆ ಆಡಳಿತದ ಹೊಣೆ ಹೊತ್ತವರಿಗೆ, ನಮ್ಮ ಸಂದರ್ಭದಲ್ಲಿ ಟ್ರಸ್ಟಿಗಳಿಗೆ, ಲಿಖಿತವಾಗಿ ತಿಳಿಸಬೇಕು. ಆ ಪತ್ರ ಟ್ರಸ್ಟಿಗಳ ಕಡತದಲ್ಲೇ ಉಳಿಯುತ್ತದೆ, ಯೂನಿಟ್‌ದಾರರಿಗೆ ಬರುವುದಿಲ್ಲ.

ಮೇಷ್ಟ್ರೇ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದೇ. ಮಗಳಿಗೆ ಸಿಕ್ಕಂಥ, ಎಷ್ಟೇ ಸಪ್ಪೆಯಾದರೂ ಸಾರ್ವಜನಿಕವಾಗಿರುವ ಒಂದು ಪುಟ ನಿಮ್ಮ ಯೋಜನೆಗಳ ಮಟ್ಟದಲ್ಲಿ ಸಿಗುವುದಿಲ್ಲ. ಸೆಬಿಗೆ ಟ್ರಸ್ಟಿಗಳ ಅರ್ಧವಾರ್ಷಿಕ ವರದಿ ಹೋಗುತ್ತದೆ, ಆಂತರಿಕ ಆಡಿಟ್ ನಡೆಯುತ್ತದೆ, ತಂತ್ರಾಂಶಗಳ ಸಿಸ್ಟಮ್ ಆಡಿಟ್ ನಡೆಯುತ್ತದೆ. ಕಾವಲು ಕಡಿಮೆಯಿಲ್ಲ. ಕಾವಲುಗಾರರು ಬರೆದದ್ದು ನಮ್ಮ ಕೈಗೆ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಒಂದು ಪುಟದ ಸಾರಾಂಶವನ್ನಾದರೂ ವಾರ್ಷಿಕ ವರದಿಯಲ್ಲಿ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಇಕ್ಕೇರಿ ರಸ್ತೆ

ಲೆಕ್ಕಿಗರ ಮಾತಿಗೆ ಒಂದು ಸೇರಿಸುತ್ತೇನೆ. ಯೂನಿಟ್‌ದಾರರ ಖಾತೆ ಇರುವುದು ಆರ್‌ಟಿಎ ಎಂಬ ಹೊರಗಿನ ಸಂಸ್ಥೆಯ ಕಂಪ್ಯೂಟರಿನಲ್ಲಿ. ಫಂಡ್‌ನ ಆಡಿಟರ್ ಅಲ್ಲಿಗೆ ಹೋಗಿ ಎಲ್ಲವನ್ನೂ ತಾನೇ ಪರೀಕ್ಷಿಸುವುದು ಅಪರೂಪ. ಆ ಸಂಸ್ಥೆ ಇನ್ನೊಬ್ಬ ಆಡಿಟರ್‌ನಿಂದ ತನ್ನ ನಿಯಂತ್ರಣಗಳ ವರದಿ ಮಾಡಿಸಿಟ್ಟುಕೊಂಡಿರುತ್ತದೆ, ಅದನ್ನು ಓದಿ ಮುಂದುವರಿಯುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ದಿನದ ಮಟ್ಟಿಗೆ ನಿಯಂತ್ರಣಗಳ ವಿನ್ಯಾಸ ಸರಿಯಿದೆಯೇ ಎನ್ನುವುದು ಮೊದಲನೆಯದು, ಇಡೀ ಅವಧಿಯಲ್ಲಿ ಅವು ನಡೆದವೇ ಎಂದು ಪರೀಕ್ಷಿಸಿ ಹೇಳುವುದು ಎರಡನೆಯದು. ಬೆಲೆಯಿರುವುದು ಎರಡನೆಯದಕ್ಕೆ. ಅದರಲ್ಲೂ ವರದಿಯ ಅವಧಿ ಡಿಸೆಂಬರ್‌ಗೆ ಮುಗಿದು ಫಂಡ್‌ನ ವರ್ಷ ಮಾರ್ಚ್‌ಗೆ ಮುಗಿದರೆ ನಡುವಿನ ಮೂರು ತಿಂಗಳಿಗೆ ಯಾರು ಹೊಣೆ ಎಂಬ ಪ್ರಶ್ನೆ ಪ್ರತಿವರ್ಷ ಏಳುತ್ತಿತ್ತು.

ಹೊರಗಿನವರ ಮೇಲಿನ ಈ ಅವಲಂಬನೆ ಸಣ್ಣ ವಿಷಯವಲ್ಲ. 2015ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಎನ್‌ವೈ ಮೆಲನ್ ಬ್ಯಾಂಕ್ ಬಳಸುತ್ತಿದ್ದ, ಸನ್‌ಗಾರ್ಡ್ ಕಂಪನಿಯ ಲೆಕ್ಕದ ತಂತ್ರಾಂಶ ಕೈಕೊಟ್ಟಾಗ ನೂರಾರು ಫಂಡ್‌ಗಳಿಗೆ ಸಕಾಲದಲ್ಲಿ ಎನ್‌ಎವಿ ಕಟ್ಟಲು ಆಗಲಿಲ್ಲ. ಅದೂ ಮಾರುಕಟ್ಟೆ ಕುಸಿಯುತ್ತಿದ್ದ ವಾರದಲ್ಲಿ.

ತೀರ್ಥಹಳ್ಳಿ ತೋಟಿಗ

ಈಗ ಸ್ವಲ್ಪ ಸಮಾಧಾನವಾಯಿತು. ಆದರೂ ಒಂದು ಮಾತು ಕೇಳಿಬಿಡುತ್ತೇನೆ. 2020ರ ಏಪ್ರಿಲ್‌ನಲ್ಲಿ ಒಂದು ಫಂಡ್ ಸಂಸ್ಥೆ ಆರು ಸಾಲಪತ್ರ ಯೋಜನೆಗಳನ್ನು ರಾತ್ರೋರಾತ್ರಿ ಮುಚ್ಚಿತಲ್ಲ, ನಮ್ಮ ಭಾವನ ಹಣವೂ ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಈ ನಿಯಂತ್ರಣಗಳೆಲ್ಲ ಆಗ ಎಲ್ಲಿದ್ದವು?

ದುರ್ಗಿಗುಡಿ ಲೆಕ್ಕಿಗ

ಅದು ಲೆಕ್ಕ ಬರೆಯುವಲ್ಲಿ ಆದ ತಪ್ಪಿನ ಕಥೆಯಲ್ಲ. ಕೊಳ್ಳುವವರು ವಿರಳವಾಗಿದ್ದ ಸಾಲಪತ್ರಗಳು, ಕೋವಿಡ್ ಲಾಕ್‌ಡೌನ್, ಹಣ ವಾಪಸ್ ಕೇಳಿದವರ ನೂಕುನುಗ್ಗಲು, ಇವೆಲ್ಲ ಕೂಡಿ ಆದದ್ದು. ಹಣಕಾಸು ವರದಿಯ ನಿಯಂತ್ರಣ ಎಂದರೆ ಚೀಲದಲ್ಲಿರುವುದು ಎಷ್ಟು ಕೆಜಿ, ಯಾವ ದರ್ಜೆ ಎಂದು ಸರಿಯಾಗಿ ಬರೆಯುವುದು. ರಾಶಿ ಅಡಿಕೆಗೆ ನಾಳೆ ಕೊಳ್ಳುವವರು ಇರುತ್ತಾರೋ ಇಲ್ಲವೋ ಎಂಬುದಕ್ಕೆ ಅದು ಜವಾಬು ಹೇಳುವುದಿಲ್ಲ.

ಹೊಸನಗರದ ಮೇಷ್ಟ್ರು

ಲೆಕ್ಕ ಸರಿ ಬರೆಯುವುದಷ್ಟೇ ಅಲ್ಲ, ಸರಿಯಾದ ಬೆಲೆ ಹೇಳುವುದೂ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ತಲೆಮಾರಿನವರಿಗೆ ಯುಟಿಐನ ಯುಎಸ್-64 ಎಂಬ ಫಂಡ್ ಯೋಜನೆ ಒಂದು ಸಾಕು. ಸ್ಟಾಫ್ ರೂಮಿನಲ್ಲಿ ಅದನ್ನು ಕೊಳ್ಳದವರೇ ಇರಲಿಲ್ಲ. ಯುಟಿಐ ಅದರ ಕೊಳ್ಳುವ ಮಾರುವ ದರವನ್ನು ತಾನೇ ಘೋಷಿಸುತ್ತಿತ್ತು, ಒಳಗಿರುವ ಆಸ್ತಿಯ ನಿಜ ಬೆಲೆಗೆ ಆ ದರ ಅಂಟಿಕೊಂಡಿರಲಿಲ್ಲ. 2001ರ ಜುಲೈನಲ್ಲಿ ಆರು ತಿಂಗಳ ಮಟ್ಟಿಗೆ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಿದಾಗಲೇ ಎನ್‌ಎವಿ ಎಂಬ ಮೂರಕ್ಷರ ನಮ್ಮ ಕಿವಿಗೆ ಬಿದ್ದಿದ್ದು.

ಇಕ್ಕೇರಿ ರಸ್ತೆಯ ತಂಗಿಯವರಲ್ಲಿ ಒಂದು ಪ್ರಶ್ನೆ. ನನ್ನಂಥವನು ಮನೆಯಲ್ಲಿ ಕುಳಿತು ಪರೀಕ್ಷಿಸಬಹುದಾದ್ದು ಏನಾದರೂ ಇದೆಯೇ?

ಇಕ್ಕೇರಿ ರಸ್ತೆ

ಇದೆ ಸರ್. ನಿಮ್ಮ ಖಾತೆ ವಿವರದಲ್ಲಿ ಒಂದು ಕಂತು ತೆಗೆದುಕೊಳ್ಳಿ. ಐದು ಸಾವಿರದ ಎಸ್‌ಐಪಿಯಾದರೆ 2020ರ ಜುಲೈನಿಂದ ಶೇ 0.005ರ ಮುದ್ರಾಂಕ ಶುಲ್ಕವಿದೆ, ಅಂದರೆ 25 ಪೈಸೆ. ಉಳಿದ 4,999.75 ರೂಪಾಯಿಯನ್ನು ಆ ದಿನದ ಎನ್‌ಎವಿಯಿಂದ ಭಾಗಿಸಿ. ಎನ್‌ಎವಿ 48.62 ಆಗಿದ್ದರೆ 102.833 ಯೂನಿಟ್ ಬರಬೇಕು. ಎನ್‌ಎವಿಯನ್ನು ಫಂಡ್ ಕಳುಹಿಸಿದ ಕಾಗದದಿಂದ ತೆಗೆದುಕೊಳ್ಳಬೇಡಿ, ಆಂಫಿ ಜಾಲತಾಣದಿಂದ ತೆಗೆದುಕೊಳ್ಳಿ. ಪಾಸ್‌ಬುಕ್ಕಿಗೂ ಖಾತೆ ಪುಸ್ತಕಕ್ಕೂ ತಾಳೆ ನೋಡಿದಂತೆಯೇ ಅದು. ದಿನಾಂಕ ಒಂದೆರಡು ದಿನ ಮುಂದಿದ್ದರೆ ಗಾಬರಿಯಾಗಬೇಡಿ, 2021ರ ಫೆಬ್ರವರಿಯಿಂದ ಹಣ ಫಂಡ್‌ನ ಖಾತೆಗೆ ತಲುಪಿದ ದಿನದ ಎನ್‌ಎವಿಯೇ ಅನ್ವಯವಾಗುವುದು. ನನ್ನದೇ ಒಂದು ಕಂತಿಗೆ ಎರಡು ದಿನ ತಡವಾದಾಗ, ಇದೇ ಕೆಲಸ ಮಾಡಿದವಳಾದರೂ ಸಿಟ್ಟಿನಿಂದ ದೂರು ಬರೆದು ಆಮೇಲೆ ನಾಚಿಕೊಂಡಿದ್ದೇನೆ.

ವ್ಯವಹಾರ ದಾಖಲಾಗದ ಕಾರಣಕ್ಕೆ ಎನ್‌ಎವಿ ಶೇ 1ಕ್ಕಿಂತ ಹೆಚ್ಚು ತಪ್ಪಿದರೆ ವ್ಯತ್ಯಾಸವನ್ನು ತುಂಬಿಕೊಡಬೇಕೆಂದು 1996ರ ನಿಯಮಾವಳಿಯ ಎಂಟನೇ ಅನುಸೂಚಿ ಹೇಳಿತ್ತು. ನಾನು ಕೊಟ್ಟ ಬೋನಸ್ ಉದಾಹರಣೆಯಲ್ಲಿ ಶೇ 2 ತಪ್ಪುತ್ತದೆ, ಗಮನಿಸಿ.

ದುರ್ಗಿಗುಡಿ ಲೆಕ್ಕಿಗ

ಯೋಜನೆಗಳ ವಾರ್ಷಿಕ ವರದಿ ಮಾರ್ಚ್ ಮುಗಿದ ನಾಲ್ಕು ತಿಂಗಳೊಳಗೆ ಜಾಲತಾಣದಲ್ಲಿ ಇರಬೇಕು. ಸಂಕ್ಷಿಪ್ತ ಪ್ರತಿಯ ಬದಲು ಪೂರ್ಣ ವರದಿ ತೆರೆದು ಟ್ರಸ್ಟಿಗಳ ವರದಿಯನ್ನೂ ಆಡಿಟರ್ ವರದಿಯನ್ನೂ ಓದಿ. ಎಎಂಸಿಯ ಸ್ವಂತ ವಾರ್ಷಿಕ ವರದಿಯನ್ನೂ ಯೂನಿಟ್‌ದಾರರು ಕೇಳಿ ಪಡೆಯಬಹುದು. ಆಂತರಿಕ ಹಣಕಾಸು ನಿಯಂತ್ರಣದ ಅಭಿಪ್ರಾಯ ಅದರಲ್ಲಿ ಆಡಿಟರ್ ವರದಿಯ ಅನುಬಂಧವಾಗಿ ಇರುತ್ತದೆ. ವಿತರಕರು ಹೇಳಿದ ಕಾಗದ ಅದು.

ಹೊಸನಗರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ದಿನ ಮಳೆ ಹಿಡಿದು ಕರೆಂಟೂ ನೆಟ್‌ವರ್ಕೂ ಇಲ್ಲದ ಕಾರಣ ಉತ್ತರಿಸಲು ತಡವಾಯಿತು.

ಹನ್ನೆರಡು ಕಂತುಗಳನ್ನು ಕ್ಯಾಲ್ಕ್ಯುಲೇಟರ್ ಹಿಡಿದು ಭಾಗಿಸಿ ನೋಡಿದೆ, ಮೂರನೆಯ ದಶಮಾಂಶದವರೆಗೂ ಹೊಂದಿತು. ಎಎಂಸಿಯ ವಾರ್ಷಿಕ ವರದಿಗೆ ಮಿಂಚಂಚೆ ಬರೆದಿದ್ದೆ, ಪಿಡಿಎಫ್ ಬಂದಿದೆ. ಅನುಬಂಧದಲ್ಲಿ ಲೆಕ್ಕಿಗರು ಹೇಳಿದಂತೆಯೇ ಕಂಪನಿಯ ಲೆಕ್ಕಪತ್ರದ ಮಾತಷ್ಟೇ ಇದೆ, ನನ್ನ ಯೋಜನೆಯ ಹೆಸರು ಎಲ್ಲಿಯೂ ಇಲ್ಲ. ಎರಡೂ ವರದಿಗಳ ಕೆಳಗಿನ ಆಡಿಟರ್ ಸಹಿಗಳು ಬೇರೆ ಬೇರೆ ಸಂಸ್ಥೆಯವು.

ಮಗಳು ಹೋದ ವರ್ಷದ ಪತ್ರವನ್ನು ಎಸ್‌ಇಸಿ ಜಾಲತಾಣದಿಂದ ಇಳಿಸಿಕೊಂಡು ಸಾಲು ಸಾಲಾಗಿ ಹೋಲಿಸಿದಳಂತೆ. ದಿನಾಂಕ ಬಿಟ್ಟರೆ ಒಕ್ಕಣೆಯಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಪತ್ರದ ಕೊನೆಗೆ ಲಗತ್ತಿಸಿದ ಫಂಡ್‌ಗಳ ಪಟ್ಟಿಯಲ್ಲಿ ಈ ಸಲ ಒಂದು ಹೆಸರು ಕಡಿಮೆಯಿದೆಯಂತೆ. ಅದು ಇನ್ನೊಂದರಲ್ಲಿ ವಿಲೀನವಾಯಿತೋ, ಮುಚ್ಚಿಹೋಯಿತೋ ಎಂದು ಹುಡುಕುತ್ತಿದ್ದಾಳೆ, ಸಿಕ್ಕಿದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.